ಒತ್ತಿದವರೊಬ್ಬರು, ತೆತ್ತವರು ಹಲವರು: ಉಚಿತ ತಂತ್ರಾಂಶದ ಬೆನ್ನಿಗೆ ಬರುವ ಬೇಡದ ತಂತ್ರಾಂಶ

ಸಿಂಧನೂರು, ಗಂಗಾವತಿ, ಸಿರುಗುಪ್ಪದಂಥ ಊರುಗಳ ಸೇವಾ ಕೇಂದ್ರ ಅಥವಾ ಝೆರಾಕ್ಸ್ ಅಂಗಡಿಯ ಕಂಪ್ಯೂಟರಿಗೆ ಬೀಳುವ ಕೆಲಸ ಒಂದೆರಡು ಬಗೆಯದಲ್ಲ. ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ 371(ಜೆ) ವಿಧಿಯ ಅರ್ಹತಾ ಪ್ರಮಾಣಪತ್ರಕ್ಕೆಂದು ಬಂದ ವಿದ್ಯಾರ್ಥಿಯ ದಾಖಲೆಗಳನ್ನೆಲ್ಲ ಒಂದೇ ಪಿಡಿಎಫ್ ಆಗಿ ಜೋಡಿಸಬೇಕು; ನೇಮಕಾತಿ ಅರ್ಜಿಯ ಫೋಟೊವನ್ನು 50 ಕೆಬಿಗೆ ಇಳಿಸಬೇಕು; ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆಯ ಕಡತವನ್ನು ಯೂನಿಕೋಡಿಗೆ ತಿರುಗಿಸಬೇಕು; ಬೆರಳಚ್ಚು ಸಾಧನ ಮುಷ್ಕರ ಹೂಡಿದರೆ ಆಧಾರ್ ದೃಢೀಕರಣಕ್ಕೆ ಅದನ್ನು ಓಡಿಸುವ ಆರ್‌ಡಿ ಸರ್ವೀಸ್ ಎಂಬ ತಂತ್ರಾಂಶವನ್ನು ಮತ್ತೆ ಹಾಕಬೇಕು; ಸೀಡಿ ಕಳೆದುಹೋದ ಹಳೆಯ ಪ್ರಿಂಟರಿಗೆ ಡ್ರೈವರ್ ಹುಡುಕಬೇಕು. ಒಂದೊಂದಕ್ಕೂ ಒಂದೊಂದು ಪುಟ್ಟ ಉಚಿತ ತಂತ್ರಾಂಶ ಬೇಕು, ಮತ್ತು ಎದುರಿಗೆ ಸರದಿ ನಿಂತಿರುವಾಗ ಅದನ್ನು ಹುಡುಕಿ ಇಳಿಸಿಕೊಳ್ಳಲು ಸಿಗುವ ಸಮಯ ಬಹಳ ಕಡಿಮೆ. ಹುಡುಕಾಟದಲ್ಲಿ ಮೊದಲು ಕಂಡ ಕೊಂಡಿಯನ್ನು ಒತ್ತಿ, ‘ನೆಕ್ಸ್ಟ್, ನೆಕ್ಸ್ಟ್, ಫಿನಿಶ್’ ಎಂದು ಮುಗಿಸಿದ ಮೇಲೆ ಬೇಕಾದ ತಂತ್ರಾಂಶವೇನೋ ಸಿಗುತ್ತದೆ. ಆದರೆ ಅದರೊಂದಿಗೆ ಬ್ರೌಸರಿನ ಮುಖಪುಟ ಬೇರೆಯಾಗಿರುತ್ತದೆ, ಯಾರೂ ಕೇಳದ ಟೂಲ್‌ಬಾರ್ ಕುಳಿತಿರುತ್ತದೆ, ಪರದೆಯ ಮೂಲೆಯಲ್ಲಿ ‘ನಿಮ್ಮ ಕಂಪ್ಯೂಟರಿನಲ್ಲಿ ನೂರಾರು ದೋಷಗಳಿವೆ’ ಎಂಬ ಎಚ್ಚರಿಕೆ ಮತ್ತೆ ಮತ್ತೆ ಏಳುತ್ತದೆ.

ಇದನ್ನು ಸಾಮಾನ್ಯವಾಗಿ ‘ವೈರಸ್ ಬಂದಿದೆ’ ಎಂದು ಹೇಳಿ ಬಿಟ್ಟುಬಿಡುತ್ತಾರೆ. ಹಾಗೆ ಹೇಳಿದಾಗ ಅದು ಗಾಳಿಯಲ್ಲಿ ಬಂದ ರೋಗದಂತೆ, ಯಾರ ಕೈವಾಡವೂ ಇಲ್ಲದ ಅಪಘಾತದಂತೆ ತೋರುತ್ತದೆ. ವಾಸ್ತವವಾಗಿ ಇದರ ಹಿಂದೆ ಕಚೇರಿ, ಒಪ್ಪಂದ, ದರಪಟ್ಟಿ ಎಲ್ಲವೂ ಇರುವ ಒಂದು ವ್ಯಾಪಾರವಿದೆ. ವೈರಸ್ ಅನುಮತಿ ಕೇಳದೆ ನುಗ್ಗುತ್ತದೆ. ಈ ಜಾತಿಯ ತಂತ್ರಾಂಶ ಅನುಮತಿ ಕೇಳಿಯೇ ಒಳಬರುತ್ತದೆ, ಕೇಳಿದ್ದು ಗಮನಕ್ಕೆ ಬಾರದ ಹಾಗೆ ಕೇಳುತ್ತದೆ. ಆದ್ದರಿಂದಲೇ ಭದ್ರತಾ ಕಂಪನಿಗಳು ಇದನ್ನು ವೈರಸ್ಸಿನ ಸಾಲಿನಲ್ಲಿ ಸೇರಿಸದೆ, ಪಿಯುಪಿ ಅಥವಾ ಪಿಯುಎ (ಬೇಡವಾಗಿರಬಹುದಾದ ಪ್ರೋಗ್ರಾಮ್ ಅಥವಾ ಆ್ಯಪ್) ಎಂಬ ಬೇರೆಯೇ ವರ್ಗದಲ್ಲಿ ಇಡುತ್ತವೆ. ಇದಕ್ಕೆ ಕಾನೂನಿನ ಅಂಜಿಕೆಯೂ ಒಂದು ಕಾರಣ: ತನ್ನ ಜಾಹೀರಾತು ತಂತ್ರಾಂಶವನ್ನು ತಡೆದಿದ್ದಕ್ಕಾಗಿ ಜಾಂಗೊ ಎಂಬ ಕಂಪನಿ ಆ್ಯಂಟಿವೈರಸ್ ಕಂಪನಿ ಕ್ಯಾಸ್ಪರ್‌ಸ್ಕಿಯ ಮೇಲೆ ಅಮೆರಿಕದಲ್ಲಿ ದಾವೆ ಹೂಡಿತ್ತು. 2009ರಲ್ಲಿ ಮೇಲ್ಮನವಿ ನ್ಯಾಯಾಲಯ ಕ್ಯಾಸ್ಪರ್‌ಸ್ಕಿಯ ಪರವಾಗಿ ತೀರ್ಪು ಕೊಟ್ಟಿತಾದರೂ, ‘ಬಳಕೆದಾರರೇ ಒಪ್ಪಿ ಹಾಕಿಕೊಂಡಿದ್ದಾರೆ’ ಎಂಬ ವಾದ ಇಂದಿಗೂ ಈ ವ್ಯಾಪಾರದ ಮುಖ್ಯ ರಕ್ಷಾಕವಚವಾಗಿದೆ.

ಇನ್‌ಸ್ಟಾಲರಿನ ಒಳಗೆ ನಡೆಯುವುದೇನು

ಇನ್‌ಸ್ಟಾಲರ್ ಎಂಬುದು ತಂತ್ರಾಂಶದ ಕಡತಗಳನ್ನು ಕಂಪ್ಯೂಟರಿನ ಸರಿಯಾದ ಜಾಗಗಳಲ್ಲಿ ಬಿಚ್ಚಿಟ್ಟು, ವಿಂಡೋಸಿನ ಸೆಟ್ಟಿಂಗುಗಳ ದಾಖಲೆಯಾದ ರಿಜಿಸ್ಟ್ರಿಯಲ್ಲಿ ನಮೂದು ಮಾಡಿ, ಡೆಸ್ಕ್‌ಟಾಪಿನಲ್ಲಿ ಶಾರ್ಟ್‌ಕಟ್ ಇಡುವ ಒಂದು ಸಣ್ಣ ಪ್ರೋಗ್ರಾಮ್. ಈ ಕೆಲಸಕ್ಕೆ ಅದಕ್ಕೆ ಅಡ್ಮಿನಿಸ್ಟ್ರೇಟರ್ ಅಧಿಕಾರ ಬೇಕಾಗುತ್ತದೆ. ‘ಈ ಆ್ಯಪ್ ನಿಮ್ಮ ಸಾಧನದಲ್ಲಿ ಬದಲಾವಣೆ ಮಾಡಲು ಅನುಮತಿಸುತ್ತೀರಾ’ ಎಂದು ಪರದೆಯನ್ನು ಮಬ್ಬಾಗಿಸಿ ವಿಂಡೋಸ್ ಕೇಳುವುದು ಆ ಅಧಿಕಾರಕ್ಕಾಗಿಯೇ. ಇಲ್ಲಿ ಬಹುತೇಕರ ಗಮನಕ್ಕೆ ಬಾರದ ಸಂಗತಿಯೊಂದಿದೆ. ನಾವು ‘ಯೆಸ್’ ಎಂದಾಗ ಅಧಿಕಾರ ಸಿಗುವುದು ಫೋಟೊ ಚಿಕ್ಕದು ಮಾಡುವ ತಂತ್ರಾಂಶವೊಂದಕ್ಕೆ ಮಾತ್ರವಲ್ಲ. ಆ ಇನ್‌ಸ್ಟಾಲರ್ ತಾನು ಮುಂದೆ ಎಬ್ಬಿಸುವ ಪ್ರತಿಯೊಂದು ಪ್ರೋಗ್ರಾಮಿಗೂ ಅದೇ ಅಧಿಕಾರವನ್ನು ದಾಟಿಸಬಲ್ಲದು, ಮತ್ತು ಅವು ಒಂದೊಂದಾಗಿ ಹಾಕಿಕೊಳ್ಳುವಾಗ ವಿಂಡೋಸ್ ಮತ್ತೆ ಪ್ರಶ್ನೆ ಕೇಳುವುದಿಲ್ಲ.

ಎರಡನೆಯ ಸಂಗತಿ ಇದಕ್ಕಿಂತ ಸೂಕ್ಷ್ಮವಾದದ್ದು. ಹೆಚ್ಚುವರಿ ತಂತ್ರಾಂಶಗಳು ಆ ಇನ್‌ಸ್ಟಾಲರ್ ಕಡತದ ಒಳಗೇ ತುಂಬಿರುತ್ತವೆ ಎಂದು ನಾವು ತಿಳಿಯುತ್ತೇವೆ, ಆದರೆ ಅನೇಕ ಬಾರಿ ಅವು ಅಲ್ಲಿರುವುದೇ ಇಲ್ಲ. ನಾವು ಇಳಿಸಿಕೊಂಡಿದ್ದು ಒಂದೆರಡು ಎಂಬಿಯ ಹೊರಕವಚವಷ್ಟೇ. ಅದು ಓಡಲು ಶುರುವಾದ ಕೂಡಲೇ ತನ್ನ ಸರ್ವರನ್ನು ಸಂಪರ್ಕಿಸಿ, ಈ ಕಂಪ್ಯೂಟರ್ ಯಾವ ದೇಶದಲ್ಲಿದೆ, ಯಾವ ಬ್ರೌಸರ್ ಇದೆ, ಯಾವ ಆ್ಯಂಟಿವೈರಸ್ ಇದೆ ಎಂಬುದನ್ನು ತಿಳಿಸಿ, ಆ ಹೊತ್ತಿಗೆ ಯಾವ ‘ಕೊಡುಗೆ’ಗೆ ಹೆಚ್ಚು ದರವಿದೆಯೋ ಅದನ್ನು ತರಿಸಿಕೊಳ್ಳುತ್ತದೆ. ಪರೀಕ್ಷೆಗೆಂದು ಸಂಶೋಧಕರು ಬಳಸುವ ವರ್ಚುವಲ್ ಯಂತ್ರದಲ್ಲಿ, ಅಂದರೆ ಕಂಪ್ಯೂಟರಿನೊಳಗಿನ ನಕಲಿ ಕಂಪ್ಯೂಟರಿನಲ್ಲಿದ್ದೇನೆಂದು ಅದಕ್ಕೆ ತಿಳಿದರೆ ಏನನ್ನೂ ತೋರಿಸದೆ ಸುಮ್ಮನಿರುವ ಇನ್‌ಸ್ಟಾಲರುಗಳೂ ಇವೆ. ಹೀಗಾಗಿ ಒಂದೇ ಕಡತ ಬಳ್ಳಾರಿಯ ಒಂದು ಕಂಪ್ಯೂಟರಿನಲ್ಲಿ ಸಜ್ಜನಿಕೆಯಿಂದ ಮುಗಿದು, ರಾಯಚೂರಿನ ಇನ್ನೊಂದರಲ್ಲಿ ಮೂರು ಬೇಡದ ಸಾಮಾನುಗಳನ್ನು ಇಳಿಸಬಹುದು. ‘ನಾನು ಹಾಕಿಕೊಂಡಾಗ ಏನೂ ಆಗಲಿಲ್ಲ’ ಎಂದು ಗೆಳೆಯ ಕೊಡುವ ಭರವಸೆ ಈ ವಿಷಯದಲ್ಲಿ ನಿಲ್ಲುವುದಿಲ್ಲ.

ಇನ್ನು ಅನುಮತಿ ಪಡೆಯುವ ಪರದೆಗಳು. ಮೊದಲು ಎರಡು ದಾರಿಗಳನ್ನು ತೋರಿಸುತ್ತಾರೆ: ‘ಎಕ್ಸ್‌ಪ್ರೆಸ್’ ಎಂಬುದರ ಪಕ್ಕದಲ್ಲಿ ‘ರೆಕಮೆಂಡೆಡ್’ ಎಂಬ ಶಿಫಾರಸು ಇರುತ್ತದೆ, ‘ಕಸ್ಟಮ್’ ಅಥವಾ ‘ಅಡ್ವಾನ್ಸ್ಡ್’ ಎಂಬುದರ ಪಕ್ಕದಲ್ಲಿ ಇದು ಪರಿಣತರಿಗೆ ಮಾತ್ರ ಎಂಬ ಭಾವ ಹುಟ್ಟಿಸುವ ಮಾತಿರುತ್ತದೆ. ಟಿಕ್ ತೆಗೆಯುವ ಚೌಕಗಳೆಲ್ಲ ಆ ಎರಡನೆಯ ದಾರಿಯಲ್ಲಿ ಅಡಗಿರುತ್ತವೆ. ಅನಂತರ ಬರುವ ಪುಟ ಪರವಾನಗಿ ಒಪ್ಪಂದದಂತೆಯೇ ಕಾಣುತ್ತದೆ, ಕೆಳಗೆ ‘ಅಕ್ಸೆಪ್ಟ್’ ಮತ್ತು ‘ಡಿಕ್ಲೈನ್’ ಇರುತ್ತವೆ. ಡಿಕ್ಲೈನ್ ಒತ್ತಿದರೆ ತನಗೆ ಬೇಕಾದ ತಂತ್ರಾಂಶವೇ ಸಿಗದೇ ಹೋದೀತೆಂದು ಬಳಕೆದಾರ ಅಕ್ಸೆಪ್ಟ್ ಒತ್ತುತ್ತಾನೆ, ಆದರೆ ಆ ಒಪ್ಪಂದ ಅವನಿಗೆ ಬೇಕಾದ ತಂತ್ರಾಂಶದ್ದಲ್ಲ, ಜೊತೆಗೆ ಬಂದದ್ದರದ್ದು. ಅಲ್ಲಿ ಡಿಕ್ಲೈನ್ ಒತ್ತಿದರೂ ಮೂಲ ತಂತ್ರಾಂಶ ಸಾಮಾನ್ಯವಾಗಿ ನಿರಾತಂಕವಾಗಿ ಮುಂದುವರಿಯುತ್ತದೆ. ಈ ಒಂದು ಮಾಹಿತಿಯನ್ನು ಕಂಪ್ಯೂಟರ್ ತರಗತಿಗಳಲ್ಲಿ ಮೊದಲ ವಾರವೇ ಹೇಳಿಕೊಡಬೇಕೆಂದು ನನಗೆ ಬಲವಾಗಿ ಅನಿಸುತ್ತದೆ. ಇಷ್ಟು ಸಾಲದೆಂಬಂತೆ ನಿರಾಕರಿಸುವ ಗುಂಡಿಯನ್ನು ಬೂದು ಬಣ್ಣದಲ್ಲಿ ಇಟ್ಟು ಅದು ಕೆಲಸ ಮಾಡುವುದಿಲ್ಲವೆಂಬ ಭ್ರಮೆ ಹುಟ್ಟಿಸುವುದು, ‘ಈ ಕೊಡುಗೆ ನನಗೆ ಬೇಡವೆಂದಿಲ್ಲ’ ಎಂಬಂಥ ಎರಡು ನಕಾರಗಳ ವಾಕ್ಯದ ಮುಂದೆ ಚೌಕವಿಡುವುದು ಕೂಡ ವಾಡಿಕೆಯಲ್ಲಿವೆ.

ಹಣ ಬರುವ ದಾರಿ

ಉಚಿತ ತಂತ್ರಾಂಶ ಬರೆಯುವವರಿಗೂ ಸರ್ವರಿನ ಖರ್ಚಿದೆ, ಸಂಸಾರವಿದೆ. ಅವರು ದೇಣಿಗೆ ಕೇಳಬಹುದು, ಹೆಚ್ಚಿನ ಸೌಲಭ್ಯವುಳ್ಳ ಆವೃತ್ತಿಯನ್ನು ಮಾರಬಹುದು. ಇವೆರಡೂ ಆಗದಾಗ ಎದುರಾಗುವುದು ಮೂರನೆಯ ಆಮಿಷ: ಪ್ರತಿ ಇನ್‌ಸ್ಟಾಲಿಗೆ ಇಷ್ಟು ಎಂದು ಹಣ ಕೊಡುವ ಮಧ್ಯವರ್ತಿ ಜಾಲಗಳು. ಜಾಹೀರಾತು ತೋರಿಸುವ, ಹುಡುಕಾಟವನ್ನು ತನ್ನ ಕಡೆಗೆ ತಿರುಗಿಸುವ ಅಥವಾ ‘ವೇಗ ಹೆಚ್ಚಿಸುವ’ ತಂತ್ರಾಂಶದ ಕಂಪನಿ ಮಧ್ಯವರ್ತಿಗೆ ಹಣ ಕೊಡುತ್ತದೆ, ಮಧ್ಯವರ್ತಿ ತನ್ನ ಪಾಲು ಇಟ್ಟುಕೊಂಡು ಉಳಿದದ್ದನ್ನು ಇನ್‌ಸ್ಟಾಲರಿನ ಒಡೆಯನಿಗೆ ದಾಟಿಸುತ್ತಾನೆ. ಗೂಗಲ್ ಮತ್ತು ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಒಂದು ಇನ್‌ಸ್ಟಾಲಿನ ದರ 10 ಸೆಂಟಿನಿಂದ ಒಂದೂವರೆ ಡಾಲರಿನವರೆಗೆ ಇತ್ತು, ಮತ್ತು ಈ ಜಾಲಗಳು ಪ್ರತಿ ವಾರ 6 ಕೋಟಿಗೂ ಹೆಚ್ಚು ಡೌನ್‌ಲೋಡ್ ಯತ್ನಗಳಿಗೆ ಕಾರಣವಾಗಿದ್ದವು. ಅದೇ ಅವಧಿಯಲ್ಲಿ ಗೂಗಲ್ ಗಮನಿಸಿದ ದುರುದ್ದೇಶದ ತಂತ್ರಾಂಶಗಳ ಡೌನ್‌ಲೋಡಿಗೆ ಹೋಲಿಸಿದರೆ ಇದು ಹತ್ತಿರ ಹತ್ತಿರ ಮೂರು ಪಟ್ಟು. ಒಂದು ಟಿಕ್ ಗುರುತನ್ನು ಮೊದಲೇ ಹಾಕಿಡಲು ಇಷ್ಟು ಪ್ರಯತ್ನವೇಕೆ ಎಂಬುದಕ್ಕೆ ಉತ್ತರ ಈ ಅಂಕಿಗಳಲ್ಲಿದೆ.

ತಂತ್ರಾಂಶ ಬರೆದವರು ಪ್ರಾಮಾಣಿಕರಾಗಿದ್ದರೂ ಸಾಲದು ಎಂಬುದನ್ನು ತೋರಿಸುವ ಪ್ರಸಂಗಗಳು ಈ ಇತಿಹಾಸದಲ್ಲಿ ಅನೇಕ ಇವೆ. ಸಿನೆಟ್ ಸಂಸ್ಥೆಯ ಡೌನ್‌ಲೋಡ್ ಡಾಟ್ ಕಾಮ್ 2011ರಲ್ಲಿ ತನ್ನಲ್ಲಿದ್ದ ತಂತ್ರಾಂಶಗಳಿಗೆ ತನ್ನದೇ ಹೊರಕವಚ ತೊಡಿಸಿ ಟೂಲ್‌ಬಾರುಗಳನ್ನು ಸೇರಿಸಿ ಕೊಡತೊಡಗಿತು. ನೆಟ್‌ವರ್ಕ್ ಪರೀಕ್ಷೆಗೆ ಬಳಸುವ ಎನ್‌ಮ್ಯಾಪ್‌ನ ಕರ್ತೃ ಗಾರ್ಡನ್ ಲಯನ್, ತನ್ನ ಹೆಸರಿನ ಮರೆಯಲ್ಲಿ ಜನರಿಗೆ ಬೇಡದ್ದನ್ನು ಉಣಿಸಲಾಗುತ್ತಿದೆ ಎಂದು ಆ ವರ್ಷದ ಡಿಸೆಂಬರಿನಲ್ಲಿ ಬಹಿರಂಗವಾಗಿ ಪ್ರತಿಭಟಿಸಿದರು. ಮುಕ್ತ ತಂತ್ರಾಂಶಗಳ ತವರುಮನೆಯೆಂದು ಹೆಸರಾಗಿದ್ದ ಸೋರ್ಸ್‌ಫೋರ್ಜ್ 2013ರಲ್ಲಿ ಡೆವ್‌ಶೇರ್ ಎಂಬ ಯೋಜನೆಯಡಿ ಇದೇ ಹಾದಿ ಹಿಡಿದಾಗ, ಚಿತ್ರ ತಿದ್ದುವ ಗಿಂಪ್ ತಂಡ ಅದೇ ನವೆಂಬರಿನಲ್ಲಿ ಅಲ್ಲಿಂದ ಹೊರನಡೆಯಿತು. ಗಿಂಪ್ ಬಿಟ್ಟುಹೋದ ಪುಟವನ್ನು ಸೋರ್ಸ್‌ಫೋರ್ಜ್ ತಾನೇ ವಹಿಸಿಕೊಂಡು, ವಿಂಡೋಸ್ ಇನ್‌ಸ್ಟಾಲರಿಗೆ ಕೊಡುಗೆಗಳನ್ನು ಪೋಣಿಸಿ ಹಂಚುತ್ತಿದೆಯೆಂಬುದು 2015ರ ಮೇ ತಿಂಗಳಲ್ಲಿ ಬಯಲಾದಾಗ ಜಗತ್ತಿನ ಮುಕ್ತ ತಂತ್ರಾಂಶ ಬಳಗವೇ ಸಿಡಿದೆದ್ದಿತು. 2016ರಲ್ಲಿ ಮಾಲೀಕತ್ವ ಬದಲಾದ ಮೇಲೆ ಹೊಸ ಒಡೆಯರು ಡೆವ್‌ಶೇರನ್ನು ನಿಲ್ಲಿಸಿದರು. ಈ ಎರಡೂ ಪ್ರಸಂಗಗಳಲ್ಲಿ ತಂತ್ರಾಂಶ ಶುದ್ಧವಾಗಿತ್ತು, ಕೊಳೆ ಸೇರಿದ್ದು ಹಂಚುವವನ ಕೈಯಲ್ಲಿ. ಆದ್ದರಿಂದ ‘ಗಿಂಪ್ ಒಳ್ಳೆಯದೇ?’ ಎಂಬ ಪ್ರಶ್ನೆಯ ಜೊತೆಗೆ ‘ಈ ಗಿಂಪ್ ಎಲ್ಲಿಂದ ಬಂತು?’ ಎಂಬುದನ್ನೂ ಕೇಳಲೇಬೇಕು.

ದೊಡ್ಡ ಕಂಪನಿಗಳು ಇದಕ್ಕೆ ಹೊರತಾಗಿರಲಿಲ್ಲ. ಬಳ್ಳಾರಿ, ಕೊಪ್ಪಳದ ಗುತ್ತಿಗೆದಾರರ ಕಚೇರಿಗಳಲ್ಲಿ ಕೆಲಸ ಮಾಡಿದವರಿಗೆ ಜಾವಾ ಎಂಬ ಹೆಸರು ನೆನಪಿರುತ್ತದೆ, ಏಕೆಂದರೆ ಅನೇಕ ಇ-ಟೆಂಡರ್ ಪೋರ್ಟಲುಗಳಲ್ಲಿ ಡಿಜಿಟಲ್ ಸಹಿಯ ಡಿಎಸ್‌ಸಿ ಟೋಕನ್ ಚುಚ್ಚಿ ಬಿಡ್‌ಗೆ ಸಹಿ ಹಾಕಲು ಬಹುಕಾಲ ಅದು ಬೇಕಾಗಿತ್ತು. ಆ ಜಾವಾದ ಇನ್‌ಸ್ಟಾಲರಿನಲ್ಲಿ ಆಸ್ಕ್ ಟೂಲ್‌ಬಾರಿನ ಚೌಕಕ್ಕೆ ಮೊದಲೇ ಟಿಕ್ ಹಾಕಿರುತ್ತಿತ್ತು. ಭದ್ರತೆಗಾಗಿ ಜಾವಾವನ್ನು ಮತ್ತೆ ಮತ್ತೆ ಅಪ್‌ಡೇಟ್ ಮಾಡಬೇಕಾಗುತ್ತಿತ್ತು, ಪ್ರತಿ ಸಲವೂ ಅದೇ ಚೌಕ ಮತ್ತೆ ಎದುರಾಗುತ್ತಿತ್ತು. ಹಿಂದಿನ ಸಲ ಬೇಡವೆಂದಿದ್ದು ಲೆಕ್ಕಕ್ಕಿರಲಿಲ್ಲ. ಟೂಲ್‌ಬಾರ್ ತಕ್ಷಣ ಕಾಣಿಸಿಕೊಳ್ಳದೆ, ಜಾವಾ ಹಾಕಿ ಮುಗಿದ ಹತ್ತು ನಿಮಿಷಗಳ ನಂತರ ಸದ್ದಿಲ್ಲದೆ ಸೇರಿಕೊಳ್ಳುತ್ತಿತ್ತೆಂದು ತಂತ್ರಜ್ಞಾನ ಪತ್ರಕರ್ತ ಎಡ್ ಬಾಟ್ 2013ರ ಜನವರಿಯಲ್ಲಿ ಬರೆದರು. ಹಾಕಿದ ಕೂಡಲೇ ಪರಿಶೀಲಿಸಿ ‘ಏನೂ ಇಲ್ಲ’ ಎಂದು ಸಮಾಧಾನಪಟ್ಟವರಿಗೆ ಅದು ಎಲ್ಲಿಂದ ಬಂತೆಂದು ಗೊತ್ತಾಗುವ ದಾರಿಯೇ ಇರಲಿಲ್ಲ. ಭದ್ರತೆಯ ಅಪ್‌ಡೇಟನ್ನೇ ಹೀಗೆ ಬಳಸಿಕೊಂಡಾಗ ಜನ ಅಪ್‌ಡೇಟಿಗೇ ಹೆದರಿ ಹಿಂದೆ ಸರಿಯುತ್ತಾರೆ, ಆಗ ನಿಜವಾದ ಅಪಾಯಕ್ಕೆ ಬಾಗಿಲು ತೆರೆಯುತ್ತದೆ. ಈ ಹಾನಿಯನ್ನು ಲೆಕ್ಕ ಹಾಕುವುದು ಕಷ್ಟ, ಆದರೆ ನನ್ನ ದೃಷ್ಟಿಯಲ್ಲಿ ಟೂಲ್‌ಬಾರಿಗಿಂತ ಅದೇ ದೊಡ್ಡದು.

2015ರ ಮಾರ್ಚಿನಲ್ಲಿ, ಕಡತ ಹಂಚಿಕೊಳ್ಳುವ ಮ್ಯೂಟೊರೆಂಟ್ ತಂತ್ರಾಂಶದ ಇನ್‌ಸ್ಟಾಲರಿನೊಂದಿಗೆ ಎಪಿಕ್ ಸ್ಕೇಲ್ ಎಂಬ ಕ್ರಿಪ್ಟೊ ನಾಣ್ಯ ಗಣಿಗಾರಿಕೆಯ ತಂತ್ರಾಂಶ ಸೇರಿಬಂದ ಪ್ರಸಂಗವನ್ನು ಇಲ್ಲಿ ಹೇಳಲೇಬೇಕು. ಅಂಥದ್ದು ಕಂಪ್ಯೂಟರಿನ ಪ್ರೊಸೆಸರನ್ನು ಬೇರೊಬ್ಬರ ಲಾಭಕ್ಕೆ ದುಡಿಸುತ್ತದೆ. ರಾಯಚೂರಿನ ಮೇ ತಿಂಗಳ ಬಿಸಿಲಿನಲ್ಲಿ ಮೊದಲೇ ಕಾದಿರುವ ಯಂತ್ರದ ಫ್ಯಾನು ಬಿಡುವಿಲ್ಲದೆ ತಿರುಗುತ್ತದೆ, ಯಂತ್ರದ ಆಯುಷ್ಯ ಕುಗ್ಗುತ್ತದೆ, ಜೆಸ್ಕಾಂನ ವಿದ್ಯುತ್ ಬಿಲ್ಲು ಮಾತ್ರ ಅಂಗಡಿಯವರ ಹೆಸರಿಗೇ ಬರುತ್ತದೆ.

ಬೀಗದ ಚಿಹ್ನೆಯೂ ಸುಳ್ಳಾಡುವಾಗ

ಟೂಲ್‌ಬಾರ್ ಕಿರಿಕಿರಿಯಷ್ಟೇ, ಅದರಿಂದ ಹೋಗುವುದೇನು ಎನ್ನುವವರು ಸೂಪರ್‌ಫಿಶ್ ಪ್ರಕರಣವನ್ನು ತಿಳಿದಿರಬೇಕು. ಇದು ಬಳಕೆದಾರರು ಇಳಿಸಿಕೊಂಡದ್ದಲ್ಲ. 2014ರ ಕೊನೆಯ ತಿಂಗಳುಗಳಲ್ಲಿ ಲೆನೊವೊ ತನ್ನ ಕೆಲವು ಲ್ಯಾಪ್‌ಟಾಪುಗಳಲ್ಲಿ ಮೊದಲೇ ಹಾಕಿ ಮಾರಿದ ಜಾಹೀರಾತು ತಂತ್ರಾಂಶ. ಬ್ಯಾಂಕಿನ ತಾಣವನ್ನು ತೆರೆದಾಗ ವಿಳಾಸದ ಪಕ್ಕದಲ್ಲಿ ಕಾಣುವ ಬೀಗದ ಚಿಹ್ನೆ ಎರಡು ಸಂಗತಿಗಳಿಗೆ ಖಾತರಿ ಕೊಡುತ್ತದೆ: ಮಾತುಕತೆ ಗೂಢಲಿಪಿಯಲ್ಲಿ ನಡೆಯುತ್ತಿದೆ, ಮತ್ತು ಆಚೆ ಕಡೆ ಇರುವುದು ಆ ವಿಳಾಸದ ತಾಣವೇ. ಈ ಖಾತರಿ ನಿಂತಿರುವುದು ವಿಂಡೋಸ್ ನಂಬುವ ಮೂಲ ಪ್ರಮಾಣಪತ್ರಗಳ ಮೇಲೆ. ಸೂಪರ್‌ಫಿಶ್ ಆ ನಂಬಿಕಸ್ಥರ ಪಟ್ಟಿಗೆ ತನ್ನ ಪ್ರಮಾಣಪತ್ರವನ್ನೂ ಸೇರಿಸಿ, ಬ್ರೌಸರಿಗೂ ತಾಣಕ್ಕೂ ನಡುವೆ ಕುಳಿತು, ಸುರಕ್ಷಿತ ಪುಟಗಳನ್ನು ಬಿಚ್ಚಿ ಜಾಹೀರಾತು ಸೇರಿಸಿ ಮತ್ತೆ ಮುಚ್ಚಿ ಕಳಿಸುತ್ತಿತ್ತು. ಬೀಗದ ಚಿಹ್ನೆ ಹಾಗೆಯೇ ಇರುತ್ತಿತ್ತು. ಇದಕ್ಕಿಂತ ಭಯಾನಕವಾದದ್ದೆಂದರೆ, ಎಲ್ಲ ಲ್ಯಾಪ್‌ಟಾಪುಗಳಲ್ಲೂ ಒಂದೇ ಖಾಸಗಿ ಕೀಲಿಯಿತ್ತು. ಭದ್ರತಾ ಸಂಶೋಧಕ ರಾಬರ್ಟ್ ಗ್ರಹಾಂ 2015ರ ಫೆಬ್ರುವರಿಯಲ್ಲಿ ಅದರ ಗುಪ್ತಪದವನ್ನು ಭೇದಿಸಿ ತೋರಿಸಿದರು. ಆ ಕೀಲಿ ಕೈಗೆ ಬಂದ ಯಾರೇ ಆದರೂ, ಒಂದೇ ವೈಫೈನಲ್ಲಿ ಕುಳಿತು ಆ ಲ್ಯಾಪ್‌ಟಾಪುಗಳ ಮುಂದೆ ಬ್ಯಾಂಕಿನ ವೇಷ ಹಾಕಬಹುದಾಗಿತ್ತು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಮತ್ತು 32 ರಾಜ್ಯಗಳೊಂದಿಗೆ ಲೆನೊವೊ 2017ರಲ್ಲಿ ರಾಜಿ ಮಾಡಿಕೊಂಡು, ರಾಜ್ಯಗಳಿಗೆ 35 ಲಕ್ಷ ಡಾಲರ್ ಕೊಟ್ಟಿತು.

ಜಾಹೀರಾತು ತೋರಿಸಬೇಕೆಂಬ ಆಸೆಯಷ್ಟರಿಂದಲೇ ಬ್ಯಾಂಕಿನ ಬೀಗ ಮುರಿದುಬಿತ್ತು, ಕದಿಯುವ ಉದ್ದೇಶ ಅಲ್ಲಿ ಯಾರಿಗೂ ಇದ್ದಂತಿಲ್ಲ. ಬೇಡದ ತಂತ್ರಾಂಶದ ಅಪಾಯವನ್ನು ಅದರ ಉದ್ದೇಶದಿಂದ ಅಳೆಯುವುದು ತಪ್ಪೆಂದು ನಾನು ಹೇಳುವುದು ಇದಕ್ಕಾಗಿ. ಅಡ್ಮಿನಿಸ್ಟ್ರೇಟರ್ ಅಧಿಕಾರದೊಂದಿಗೆ ಒಳಬಂದ ಅಜಾಗರೂಕ ತಂತ್ರಾಂಶ, ಕಳ್ಳ ತಂತ್ರಾಂಶದಷ್ಟೇ ಹಾನಿ ಮಾಡಬಲ್ಲದು.

ರಾಯಚೂರು, ಕೊಪ್ಪಳ, ಬಳ್ಳಾರಿ ಎಂಬ ನಮ್ಮ ಮೂರು ಜಿಲ್ಲೆಗಳ ಸಂದರ್ಭದಲ್ಲಿ ಇದು ಇನ್ನೂ ತೀಕ್ಷ್ಣವಾಗುತ್ತದೆ. ಮನೆಗೊಂದು ಕಂಪ್ಯೂಟರ್ ಇರುವ ಕಡೆ ‘ನೆಕ್ಸ್ಟ್’ ಒತ್ತಿದವರೇ ಅದರ ಫಲವನ್ನೂ ಉಣ್ಣುತ್ತಾರೆ. ಇಲ್ಲಿ ಹಾಗಲ್ಲ. ಮಾನ್ವಿ ಅಥವಾ ಯಲಬುರ್ಗಾ ತಾಲ್ಲೂಕಿನ ಹಳ್ಳಿಯ ರೈತ ಪಹಣಿ ತೆಗೆಸಲು, ಬೆಳೆವಿಮೆ ತುಂಬಲು, ಆಧಾರ್ ಜೋಡಣೆ ಮಾಡಿಸಲು ಅಂಗಡಿಗೆ ಬರುತ್ತಾನೆ. ಅವನ ಆಧಾರ್ ಸಂಖ್ಯೆ, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ, ಫೋನಿಗೆ ಬಂದ ಓಟಿಪಿ ಎಲ್ಲವೂ ಅದೇ ಯಂತ್ರದ ಅದೇ ಬ್ರೌಸರಿನ ಮೂಲಕ ಹಾದುಹೋಗುತ್ತವೆ. ಬೇಡದ ತಂತ್ರಾಂಶಕ್ಕೆ ಒಪ್ಪಿಗೆ ಕೊಟ್ಟವರು ಎಂದೋ ಒಂದು ದಿನ ಅವಸರದಲ್ಲಿದ್ದ ಆಪರೇಟರ್. ಅದರ ಎದುರು ತೆರೆದುಕೊಳ್ಳುವುದು ಆ ಪರದೆಯನ್ನು ನೋಡಿಯೇ ಇರದ ನೂರಾರು ಜನರ ಮಾಹಿತಿ. ಅವರ ಪರವಾಗಿ ಒಪ್ಪಿಗೆ ಕೊಡುವ ಅಧಿಕಾರ ಆಪರೇಟರಿಗೂ ಇಲ್ಲ, ಅದನ್ನು ಪಡೆದುಕೊಂಡೆವೆನ್ನುವ ಹಕ್ಕು ಆ ಕಂಪನಿಗೂ ಇಲ್ಲ.

ಒಪ್ಪಿಗೆ ಎಂದರೆ ಕಾನೂನು ಏನೆನ್ನುತ್ತದೆ

ಮೊದಲೇ ಟಿಕ್ ಹಾಕಿಟ್ಟ ಚೌಕ ಒಪ್ಪಿಗೆಯಾಗುವುದಿಲ್ಲವೆಂದು ಐರೋಪ್ಯ ಒಕ್ಕೂಟದ ನ್ಯಾಯಾಲಯ 2019ರ ಅಕ್ಟೋಬರಿನಲ್ಲಿ, ಕುಕೀಗಳ ಕುರಿತ ಪ್ಲಾನೆಟ್49 ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಭಾರತದಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಗಳು, ಗ್ರಾಹಕರನ್ನು ದಾರಿತಪ್ಪಿಸುವ 13 ಬಗೆಯ ವಿನ್ಯಾಸ ತಂತ್ರಗಳನ್ನು ಪಟ್ಟಿ ಮಾಡಿ ನಿಷೇಧಿಸುತ್ತವೆ. ಕೇಳದ ವಸ್ತುವನ್ನು ಬುಟ್ಟಿಗೆ ತುರುಕುವುದು, ಗೊಂದಲದ ಭಾಷೆಯಲ್ಲಿ ಪ್ರಶ್ನೆ ಕೇಳುವುದು, ಬೇಕಾದ ಆಯ್ಕೆಯನ್ನು ಮಸುಕಾಗಿಸಿ ಬೇಡದ್ದನ್ನು ಎತ್ತಿ ತೋರಿಸುವುದು, ವೈರಸ್ ಇದೆಯೆಂದು ಸುಳ್ಳು ಹೆದರಿಕೆ ಹುಟ್ಟಿಸಿ ಹಣ ಕೀಳುವುದು, ಇವೆಲ್ಲ ಆ ಪಟ್ಟಿಯಲ್ಲಿವೆ. ಇನ್‌ಸ್ಟಾಲರುಗಳ ಪರದೆಗಳನ್ನು ಬಲ್ಲವರಿಗೆ ಇವು ಹೊಸವಲ್ಲ. ಗಂಗಾವತಿಯ ಅಂಗಡಿಯಲ್ಲಿ ಒಂದು ಚೀಲ ಸೋನಾ ಮಸೂರಿ ಕೊಂಡವರ ಗಾಡಿಗೆ, ಬೇಡವೆಂದು ಬಾಯಿಬಿಟ್ಟು ಹೇಳಲಿಲ್ಲವೆಂಬ ಕಾರಣಕ್ಕೆ ಎಣ್ಣೆ ಡಬ್ಬಿಯನ್ನೂ ಏರಿಸಿದರೆ ಯಾರೂ ಅದನ್ನು ವ್ಯಾಪಾರವೆಂದು ಒಪ್ಪುವುದಿಲ್ಲ. ಪರದೆಯ ಮೇಲೆ ಮಾತ್ರ ಅದನ್ನು ಬಹುಕಾಲ ಒಪ್ಪಿಕೊಂಡು ಬಂದಿದ್ದೇವೆ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇನ್ನೊಂದು ಹೆಜ್ಜೆ ಮುಂದಿಡುತ್ತದೆ. ವೈಯಕ್ತಿಕ ಮಾಹಿತಿಯನ್ನು ಸಂಗ್ರಹಿಸಲು ಪಡೆಯುವ ಒಪ್ಪಿಗೆ ಮುಕ್ತವೂ ನಿರ್ದಿಷ್ಟವೂ ತಿಳಿದು ಕೊಟ್ಟದ್ದೂ ಷರತ್ತಿಲ್ಲದ್ದೂ ಆಗಿರಬೇಕು, ಸ್ಪಷ್ಟವಾದ ಕ್ರಿಯೆಯಿಂದ ವ್ಯಕ್ತವಾಗಿರಬೇಕು ಎನ್ನುತ್ತದೆ ಅದು. ಯಾವ ಮಾಹಿತಿ, ಯಾವ ಉದ್ದೇಶಕ್ಕೆ ಎಂಬ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದಿಕೊಳ್ಳುವ ಅವಕಾಶವನ್ನೂ ಕೊಡಬೇಕೆಂದು ಹೇಳುತ್ತದೆ. ಅಂದರೆ ಬ್ರೌಸಿಂಗ್ ಇತಿಹಾಸವನ್ನು ಸಂಗ್ರಹಿಸುವ ಟೂಲ್‌ಬಾರ್ ಕನ್ನಡದಲ್ಲಿಯೂ ಕೇಳಲು ಸಿದ್ಧವಾಗಿರಬೇಕು. ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು, ಕಂಪನಿಗಳ ಮುಖ್ಯ ಹೊಣೆಗಾರಿಕೆಗಳು ಅಲ್ಲಿಂದ 18 ತಿಂಗಳ ನಂತರ ಜಾರಿಗೆ ಬರುವಂತೆ ಗೊತ್ತುಮಾಡಲಾಗಿದೆ. ವಿಳಾಸವೇ ಇಲ್ಲದ ವಿದೇಶಿ ಮಧ್ಯವರ್ತಿ ಜಾಲಗಳ ಮೇಲೆ ಈ ಕಾಯ್ದೆಗಳ ಕೈ ಎಷ್ಟು ದೂರ ಚಾಚುವುದೋ ಕಾದು ನೋಡಬೇಕು, ಆದರೆ ‘ನೀವೇ ಒಪ್ಪಿದ್ದೀರಿ’ ಎಂಬ ವಾದದ ಬೇರು ಸಡಿಲಗೊಂಡಿದೆ.

ಅಂಗಡಿಯ ಯಂತ್ರವನ್ನು ಕಾಯುವ ಬಗೆ

ಎಲ್ಲಕ್ಕಿಂತ ಮೊದಲು, ಎಷ್ಟೋ ಕೆಲಸಗಳಿಗೆ ಹೊಸ ತಂತ್ರಾಂಶವೇ ಬೇಕಾಗಿಲ್ಲ. ವಿಂಡೋಸ್ 10ರಿಂದೀಚೆಗೆ ಯಾವುದೇ ಕಡತವನ್ನು ಪಿಡಿಎಫ್ ಮಾಡುವ ಸೌಲಭ್ಯ ಪ್ರಿಂಟರುಗಳ ಪಟ್ಟಿಯಲ್ಲೇ ಇದೆ. ಫೋಟೊದ ಅಳತೆಯನ್ನು ಪೇಂಟ್‌ನಲ್ಲಿ ಇಳಿಸಬಹುದು, ಫೋಟೋಸ್ ಆ್ಯಪ್‌ನಲ್ಲಿ ಗುಣಮಟ್ಟ ಕಡಿಮೆ ಮಾಡಿ ಕೆಬಿ ಎಷ್ಟಾಯಿತೆಂದು ನೋಡಿಯೇ ಉಳಿಸಬಹುದು. ಪಿಡಿಎಫ್ ಜೋಡಿಸಿಕೊಡುವ ಆನ್‌ಲೈನ್ ತಾಣಗಳು ಇನ್‌ಸ್ಟಾಲರಿನ ಕಾಟವನ್ನು ತಪ್ಪಿಸುತ್ತವೆ ನಿಜ, ಆದರೆ ಗ್ರಾಹಕರ ಆಧಾರ್ ಮತ್ತು ಪಾಸ್‌ಬುಕ್ಕನ್ನು ಪರಿಚಯವಿಲ್ಲದ ಸರ್ವರಿಗೆ ಏರಿಸುವುದು ಒಂದು ತೊಂದರೆಯನ್ನು ಬಿಟ್ಟು ಇನ್ನೊಂದನ್ನು ತಂದುಕೊಂಡ ಹಾಗಾಗುತ್ತದೆ.

ತಂತ್ರಾಂಶ ಬೇಕೇ ಬೇಕೆಂದಾದಾಗ ಅದನ್ನು ಮಾಡಿದವರ ತಾಣದಿಂದಲೇ ಪಡೆಯಬೇಕು: ನುಡಿಯನ್ನು ಕನ್ನಡ ಗಣಕ ಪರಿಷತ್ತಿನಿಂದ, ವಿಡಿಯೊ ನೋಡುವ ವಿಎಲ್‌ಸಿಯನ್ನು ವಿಡಿಯೊಲ್ಯಾನ್‌ನಿಂದ, ಪ್ರಿಂಟರ್ ಡ್ರೈವರನ್ನು ಪ್ರಿಂಟರ್ ಕಂಪನಿಯಿಂದ, ಆರ್‌ಡಿ ಸರ್ವೀಸನ್ನು ಆ ಸಾಧನದ ತಯಾರಕರಿಂದ. ಹುಡುಕಾಟದಲ್ಲಿ ಮೇಲೆ ಬರುವ ‘ಸ್ಪಾನ್ಸರ್ಡ್’ ಕೊಂಡಿಗಳು ಹಣ ಕೊಟ್ಟು ಪಡೆದ ಜಾಗಗಳು. ಅವನ್ನು ದಾಟಿ ಕೆಳಗೆ ಹೋಗಬೇಕು. ‘ಎಲ್ಲ ಡ್ರೈವರುಗಳನ್ನೂ ತಾನೇ ಹುಡುಕಿಕೊಡುವೆ’ ಎನ್ನುವ ಡ್ರೈವರ್ ಅಪ್‌ಡೇಟರುಗಳನ್ನು ಹಾಕುವುದೇ ಬೇಡ, ಈ ಮಾರುಕಟ್ಟೆಯಲ್ಲಿ ಅನೇಕರನ್ನು ಬಲೆಗೆ ಕೆಡವುವ ಸರಕು ಅದು. ಇಳಿಸಿದ ಕಡತವನ್ನು ತೆರೆದಾಗ ವಿಂಡೋಸ್ ಕೇಳುವ ಅನುಮತಿಯ ಪೆಟ್ಟಿಗೆಯಲ್ಲಿ ಪ್ರಕಾಶಕರ ಹೆಸರು ಇರುತ್ತದೆ. ವಿಎಲ್‌ಸಿ ಎಂದು ಇಳಿಸಿಕೊಂಡದ್ದರ ಮೇಲೆ ವಿಡಿಯೊಲ್ಯಾನ್ ಎಂಬ ಹೆಸರಿಲ್ಲದೆ ಯಾವುದೋ ಅಪರಿಚಿತ ಕಂಪನಿಯ ಹೆಸರಿದ್ದರೆ, ಅದು ಹೊರಕವಚವೆಂದು ತಿಳಿದು ‘ನೋ’ ಒತ್ತಿಬಿಡಬೇಕು. ಹಾಗೆ ಒಮ್ಮೆ ಪಡೆದು ಪರೀಕ್ಷಿಸಿದ ಕಡತಗಳನ್ನು ಒಂದು ಫೋಲ್ಡರಿನಲ್ಲಿ ಇಟ್ಟುಕೊಂಡರೆ ಸರದಿ ನಿಂತಿರುವಾಗ ಹುಡುಕುವ ಪ್ರಸಂಗವೇ ಬರುವುದಿಲ್ಲ, ವರ್ಷಕ್ಕೆರಡು ಸಲ ಅವನ್ನು ಹೊಸದಾಗಿ ತಂದಿಟ್ಟರೆ ಸಾಕು. ಹಲವು ಯಂತ್ರಗಳನ್ನು ಒಟ್ಟಿಗೆ ಸಿದ್ಧಪಡಿಸುವ ಕಾಲೇಜು ಪ್ರಯೋಗಾಲಯಗಳಿಗೆ, ಹೆಚ್ಚುವರಿಗಳನ್ನು ತಾನೇ ನಿರಾಕರಿಸಿ ತಂತ್ರಾಂಶ ಹಾಕುವ ನಿನೈಟ್, ಮೈಕ್ರೋಸಾಫ್ಟ್‌ನದೇ ಆದ ವಿನ್‌ಗೆಟ್ ಅನುಕೂಲಕರ.

ವಿಂಡೋಸ್ ಸೆಕ್ಯೂರಿಟಿಯನ್ನು ತೆರೆದು ‘ಆ್ಯಪ್ ಅಂಡ್ ಬ್ರೌಸರ್ ಕಂಟ್ರೋಲ್’ನ ಒಳಗೆ ‘ರೆಪ್ಯುಟೇಶನ್ ಬೇಸ್ಡ್ ಪ್ರೊಟೆಕ್ಷನ್’ಗೆ ಹೋದರೆ, ಬೇಡದ ಆ್ಯಪ್‌ಗಳನ್ನು ತಡೆಯುವ ಗುಂಡಿಯಿದೆ. 2020ರ ಮೇ ಆವೃತ್ತಿಯಿಂದ ವಿಂಡೋಸ್ 10ರಲ್ಲಿ ಸೇರಿದ ಈ ರಕ್ಷಣೆಯನ್ನು 2021ರ ಆಗಸ್ಟಿನಿಂದ ಮೈಕ್ರೋಸಾಫ್ಟ್ ತಾನಾಗಿ ಚಾಲೂ ಮಾಡತೊಡಗಿತಾದರೂ, ಹಳೆಯ ಯಂತ್ರಗಳಲ್ಲಿ ಅದು ಆಫ್ ಆಗಿಯೇ ಉಳಿದಿರಬಹುದು. ದಿನದ ಕೆಲಸಕ್ಕೆ ಅಡ್ಮಿನಿಸ್ಟ್ರೇಟರ್ ಅಲ್ಲದ ಸಾಮಾನ್ಯ ಖಾತೆಯೊಂದನ್ನು ಮಾಡಿ, ಗುಪ್ತಪದವನ್ನು ಮಾಲೀಕರು ತಮ್ಮಲ್ಲೇ ಇಟ್ಟುಕೊಳ್ಳುವುದು ಈ ಎಲ್ಲದಕ್ಕಿಂತ ಗಟ್ಟಿಯಾದ ಕ್ರಮ. ಅಧಿಕಾರ ಬೇಡುವ ಪ್ರತಿ ಇನ್‌ಸ್ಟಾಲರೂ ಆಗ ಗುಪ್ತಪದ ಕೇಳಿ ನಿಲ್ಲುತ್ತದೆ. ಇನ್ನೂ ವಿಂಡೋಸ್ 7 ಓಡಿಸುತ್ತಿರುವವರಿಗೆ ಈ ರಕ್ಷಣೆಗಳಲ್ಲಿ ಬಹಳಷ್ಟು ಸಿಗುವುದಿಲ್ಲ. ಅದಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2020ರ ಜನವರಿಯಲ್ಲೇ ಮುಗಿದಿದೆ, ಕ್ರೋಮ್ ಬ್ರೌಸರಿನ ಹೊಸ ಆವೃತ್ತಿಗಳೂ ಅದರಲ್ಲಿ ಬರುವುದಿಲ್ಲ.

ಬೇಡದ್ದು ಈಗಾಗಲೇ ಸೇರಿಬಿಟ್ಟಿದ್ದರೆ ಮೊದಲು ಆ್ಯಪ್‌ಗಳ ಪಟ್ಟಿಯನ್ನು ಇನ್‌ಸ್ಟಾಲ್ ಆದ ದಿನಾಂಕದ ಪ್ರಕಾರ ಜೋಡಿಸಿ ನೋಡಬೇಕು. ಒಂದೇ ದಿನ ಒಟ್ಟೊಟ್ಟಿಗೆ ಬಂದವು ಒಂದೇ ಇನ್‌ಸ್ಟಾಲರಿನ ಸಂಗಾತಿಗಳಾಗಿರುವ ಸಾಧ್ಯತೆ ಹೆಚ್ಚು. ಅವನ್ನು ತೆಗೆದ ಮೇಲೆ ಬ್ರೌಸರಿನ ಎಕ್ಸ್‌ಟೆನ್ಶನ್‌ಗಳನ್ನು, ಹುಡುಕಾಟದ ಸೆಟ್ಟಿಂಗನ್ನು, ನೋಟಿಫಿಕೇಶನ್ ಅನುಮತಿ ಪಡೆದ ತಾಣಗಳನ್ನು ಪರಿಶೀಲಿಸಬೇಕು. ಪರದೆಯ ಮೂಲೆಯಲ್ಲಿ ಏಳುವ ವೈರಸ್ ಎಚ್ಚರಿಕೆಗಳಲ್ಲಿ ಎಷ್ಟೋ ಈ ನೋಟಿಫಿಕೇಶನ್‌ಗಳೇ ಆಗಿರುತ್ತವೆ. ತೆಗೆದದ್ದು ಮರುದಿನ ಮತ್ತೆ ಬಂದರೆ ಗೊತ್ತಾದ ಸಮಯಕ್ಕೆ ಪ್ರೋಗ್ರಾಮುಗಳನ್ನು ಎಬ್ಬಿಸುವ ಟಾಸ್ಕ್ ಶೆಡ್ಯೂಲರಿನಲ್ಲಿ ಅದನ್ನು ಮರಳಿ ಕರೆತರುವ ನಮೂದು ಇರಬಹುದು, ಬ್ರೌಸರಿನ ಶಾರ್ಟ್‌ಕಟ್ಟಿನ ಕೊನೆಯಲ್ಲಿ ಯಾವುದಾದರೂ ತಾಣದ ವಿಳಾಸ ಅಂಟಿಕೊಂಡಿರಬಹುದು. ಸ್ವಂತ ಯಂತ್ರದ ಬ್ರೌಸರ್ ‘ನಿಮ್ಮ ಸಂಸ್ಥೆಯ ನಿರ್ವಹಣೆಯಲ್ಲಿದೆ’ ಎಂದು ಹೇಳುತ್ತಿದ್ದರೆ ಯಾರೋ ಪಾಲಿಸಿ, ಅಂದರೆ ಬ್ರೌಸರನ್ನು ನಿಯಂತ್ರಿಸುವ ಕಟ್ಟಳೆ ಸೇರಿಸಿದ್ದಾರೆಯೇ ಎಂದು ನೋಡಬೇಕು. ಇವನ್ನೆಲ್ಲ ಕೈಯಿಂದ ಹುಡುಕಲಾಗದವರಿಗೆ ಮಾಲ್‌ವೇರ್‌ಬೈಟ್ಸ್‌ನ ಆ್ಯಡ್ವ್‌ಕ್ಲೀನರ್ ಉಚಿತವಾಗಿ ಸಿಗುತ್ತದೆ. ಅದನ್ನೂ ಅವರ ತಾಣದಿಂದಲೇ ತರಬೇಕು. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ನಡೆಸುವ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲಿಯೂ ಉಚಿತ ಸಲಕರಣೆಗಳಿವೆ. ಆದರೆ ಅಪರಿಚಿತ ಮೂಲ ಪ್ರಮಾಣಪತ್ರ ಅಥವಾ ಇಂಟರ್ನೆಟ್ ಸಂಪರ್ಕವನ್ನು ಬೇರೆಡೆ ಹಾಯಿಸುವ ಪ್ರಾಕ್ಸಿ ಸೆಟ್ಟಿಂಗ್ ಕಂಡುಬಂದ ಯಂತ್ರದಲ್ಲಿ ಹಣದ ವ್ಯವಹಾರ ನಡೆಯುತ್ತಿದ್ದರೆ, ತೇಪೆ ಹಚ್ಚುವುದನ್ನು ಬಿಟ್ಟು ಕಡತಗಳನ್ನು ಬೇರೆಡೆ ಉಳಿಸಿ ವಿಂಡೋಸನ್ನೇ ಹೊಸದಾಗಿ ಹಾಕಿ, ಬೇರೊಂದು ಸಾಧನದಿಂದ ಗುಪ್ತಪದಗಳನ್ನು ಬದಲಿಸುವುದು ಸರಿ.

ಖಾತೆಯಿಂದ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಜಿಲ್ಲೆಯ ಸೆನ್ ಪೊಲೀಸ್ ಠಾಣೆಗೆ ದೂರು ಕೊಡಬೇಕು. ಬೆದರಿಸಿ ಮಾರಿದ ನಕಲಿ ಆ್ಯಂಟಿವೈರಸ್ಸಿಗೆ ಹಣ ಕೊಟ್ಟಿದ್ದರೆ 1915ರ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯೂ ದೂರು ತೆಗೆದುಕೊಳ್ಳುತ್ತದೆ. ದೂರು ಕೊಡುವ ಉದ್ದೇಶವಿದ್ದರೆ ಸಿಟ್ಟಿನಲ್ಲಿ ಆ ಇನ್‌ಸ್ಟಾಲರ್ ಕಡತವನ್ನು ಅಳಿಸಬಾರದು. ಅದನ್ನು ಮತ್ತೆ ತೆರೆಯದೆ ಪೆನ್‌ಡ್ರೈವಿನಲ್ಲಿ ತೆಗೆದಿಟ್ಟು, ಯಾವ ತಾಣದಿಂದ ಯಾವ ದಿನ ಇಳಿಸಿದ್ದೆಂದು ಬ್ರೌಸರಿನ ಡೌನ್‌ಲೋಡ್ ಪಟ್ಟಿಯ ಚಿತ್ರ ತೆಗೆದು ದೂರಿನೊಂದಿಗೆ ಕೊಡಬೇಕು.